ಇಂಡಿಕೇಟರ್ ಸರಿ ಇದೆ, ಹಜಾರ್ಡ್ ಮಾತ್ರ ಸತ್ತಿದೆ

ಮಾರುತಿ ಜಿಪ್ಸಿಯೋ ಮಹೀಂದ್ರ ಎಂಎಂ540 ಜೀಪೋ, 15 ವರ್ಷ ತುಂಬಿ ಆರ್‌ಸಿ ರಿನ್ಯೂ ಮಾಡಿಸಲು ಆರ್‌ಟಿಒ ಮುಂದೆ ನಿಲ್ಲುವ ಹೊತ್ತಿಗೇ ಹಜಾರ್ಡ್ ಲೈಟಿನ, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ದೀಪದ, ನೆನಪಾಗುವುದು. ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಅವಸರದಲ್ಲಿ ಬೆಂಗಳೂರಿನ ಜೆ.ಸಿ. ರೋಡಿಗೆ ಓಡಿ ಹೊಸ ಫ್ಲಾಷರ್ (ದೀಪ ಮಿನುಗಿಸುವ ಪುಟ್ಟ ಡಬ್ಬಿ) ತಂದು ಹಾಕುತ್ತಾರೆ, ಆಗಲೂ ಹತ್ತುವುದಿಲ್ಲ. ಹತ್ತುವುದಾದರೂ ಹೇಗೆ? ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿದೆ ಅಂದರೆ ಫ್ಲಾಷರ್ ಬದುಕಿದೆ ಅಂತಲೇ ಅರ್ಥ. ಆ ಕಾಲದ ಬಹುಪಾಲು ಗಾಡಿಗಳಲ್ಲಿ ಎರಡಕ್ಕೂ ಇರುವುದು ಒಂದೇ ಫ್ಲಾಷರ್.

ಮೊದಲು ಹಜಾರ್ಡ್ ಸ್ವಿಚ್ ಏನು ಮಾಡುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಅದನ್ನು ಒತ್ತಿದಾಗ ಎರಡು ಕೆಲಸ ಆಗುತ್ತವೆ. ಕೀ ಆನ್ ಇದ್ದಾಗ ಮಾತ್ರ ಬರುವ ಲೈನಿನಿಂದ ಫ್ಲಾಷರನ್ನು ಬಿಡಿಸಿ, ಬ್ಯಾಟರಿಯಿಂದ ನೇರ ಬರುವ ಲೈನಿಗೆ ಸೇರಿಸುತ್ತದೆ. ಜೊತೆಗೆ ಫ್ಲಾಷರ್‌ನಿಂದ ಹೊರಬರುವ ಕರೆಂಟನ್ನು ಎಡಕ್ಕೂ ಬಲಕ್ಕೂ ಒಟ್ಟಿಗೆ ಬಿಡುತ್ತದೆ. ಹಜಾರ್ಡ್ ಆಫ್ ಇದ್ದಾಗಲೂ ಇಂಡಿಕೇಟರ್‌ನ ಕರೆಂಟ್ ಇದೇ ಸ್ವಿಚ್ಚಿನ ಒಳಗಿಂದಲೇ ಹಾದುಹೋಗುತ್ತದೆ ಅನ್ನುವುದನ್ನು ಎಷ್ಟೋ ಎಲೆಕ್ಟ್ರಿಷಿಯನ್‌ಗಳೂ ಮರೆಯುತ್ತಾರೆ.

ಹಾಗಾಗಿ ಹೀಗೆ ಲೆಕ್ಕ ಹಾಕಿ. ಇಂಡಿಕೇಟರ್ ಇದೆ, ಹಜಾರ್ಡ್ ಇಲ್ಲ: ಹಜಾರ್ಡ್ ಫ್ಯೂಸ್ ಅಥವಾ ಸ್ವಿಚ್. ಹಜಾರ್ಡ್ ಇದೆ, ಇಂಡಿಕೇಟರ್ ಇಲ್ಲ: ಇಂಡಿಕೇಟರ್ ಫ್ಯೂಸ್, ಸ್ಟೀರಿಂಗ್ ಪಕ್ಕದ ಕಡ್ಡಿ, ಇಲ್ಲವೇ ಮತ್ತೆ ಅದೇ ಹಜಾರ್ಡ್ ಸ್ವಿಚ್. ಎರಡೂ ಇಲ್ಲ ಅಂದಾಗ ಮಾತ್ರ ಫ್ಲಾಷರ್ ಕಡೆ ಕೈ ಹಾಕಿ. ಸಿಗ್ನಲ್‌ನಲ್ಲಿ ನೇರ ಹೋಗುತ್ತೇನೆ ಅಂತ ತೋರಿಸಲು ಹಜಾರ್ಡ್ ಹಾಕುವವರೂ ಈ ಸರ್ಕ್ಯೂಟ್ ಒಮ್ಮೆ ನೋಡಬೇಕು. ಎಡ ಬಲ ಎರಡೂ ಒಂದಾದ ಮೇಲೆ ಕಡ್ಡಿ ಯಾವ ಕಡೆ ಎಳೆದರೂ ಹಿಂದಿನವರಿಗೆ ತಿಳಿಯುವುದಿಲ್ಲ.

ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಮಲ್ಟಿಮೀಟರ್ ಇಟ್ಟು ನೋಡಿ. ಫ್ಯೂಸಿನ ತಂತಿ ಚೆನ್ನಾಗಿದ್ದರೂ ಅದನ್ನು ಹಿಡಿಯುವ ಕ್ಲಿಪ್ ಹಸಿರು ಹಿಡಿದು ಸಡಿಲವಾಗಿರುತ್ತದೆ. ಇನ್ನೊಂದು ಊರ ರೋಗ: ಕೀ ಇಲ್ಲದೆಯೂ ಕರೆಂಟ್ ಬರುವ ಲೈನ್ ಅಂತ ಸ್ಟೀರಿಯೋ, ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್ ಎಲ್ಲವನ್ನೂ ಹಜಾರ್ಡ್ ಫ್ಯೂಸಿಗೇ ನೇತುಹಾಕಿರುತ್ತಾರೆ. ಅವನ್ನೆಲ್ಲ ಬಿಚ್ಚಿ ಬೇರೆ ಫ್ಯೂಸ್ ಕೊಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಬರೆದಿರುವ ಆಂಪಿಯರ್‌ಗಿಂತ ದೊಡ್ಡ ಫ್ಯೂಸ್ ಮಾತ್ರ ಬೇಡ, ಫ್ಯೂಸ್ ಉಳಿದು ವೈರ್ ಸುಡುತ್ತದೆ.

ಇಂಡಿಕೇಟರ್ ಜೋರಾಗಿ ಉರಿದು, ಹಜಾರ್ಡ್ ಹಾಕಿದಾಗ ಎಲ್ಲವೂ ಮಂಕಾದರೆ ಅದು ಲೋಡಿನ ಲೆಕ್ಕ. ಒಂದು ಪಕ್ಕಕ್ಕೆ 21 ವ್ಯಾಟಿನ ಎರಡು ಬಲ್ಬು, ಫೆಂಡರ್ ಮೇಲೆ 5 ವ್ಯಾಟಿನದೊಂದು, ಒಟ್ಟು 47 ವ್ಯಾಟ್, ಸುಮಾರು 4 ಆಂಪಿಯರ್. ಹಜಾರ್ಡ್‌ನಲ್ಲಿ ಅದು 94 ವ್ಯಾಟ್, ಹತ್ತಿರ ಹತ್ತಿರ 8 ಆಂಪಿಯರ್. ಸ್ವಿಚ್ಚಿನೊಳಗೆ ಕಾರ್ಬನ್ ಹಿಡಿದ ಕಾಂಟ್ಯಾಕ್ಟ್ 4 ಆಂಪಿಯರನ್ನು ಹೇಗೋ ತಡೆದುಕೊಳ್ಳುತ್ತದೆ, 8ಕ್ಕೆ ಕೈಚೆಲ್ಲುತ್ತದೆ. ಹೊಸ ಫ್ಲಾಷರ್ ಕೊಳ್ಳುವಾಗಲೂ ಡಬ್ಬಿಯ ಮೇಲಿನ ವ್ಯಾಟ್ ಓದಿ, ಎರಡೂ ಪಕ್ಕದ ಲೋಡ್ ಹೊರುವಂಥದ್ದೇ ಬೇಕು. ಬಿ (ಬ್ಯಾಟರಿ), ಎಲ್ (ದೀಪದ ಕಡೆ), ಇ (ಅರ್ತ್, ಅಂದರೆ ಮೈನಸ್‌ಗೆ ಮರಳುವ ದಾರಿ) ಅನ್ನುವ ಮೂರು ಪಿನ್ನುಗಳ ಜಾಗ ಎಲ್ಲ ಕಂಪನಿಯದರಲ್ಲೂ ಒಂದೇ ಅಲ್ಲ. ಹಳೆಯದರ ಪಕ್ಕ ಇಟ್ಟು ಹೋಲಿಸದೆ ಚುಚ್ಚಬೇಡಿ.

ಮಿನುಗುವ ದೀಪಕ್ಕೆ ಮೀಟರ್ ಹಿಡಿದರೆ ಅಂಕಿ ಕುಣಿಯುತ್ತಲೇ ಇರುತ್ತದೆ, ಏನೂ ಓದಲಾಗದು. ಅದಕ್ಕೊಂದು ಉಪಾಯ. ಫ್ಲಾಷರ್ ಕಿತ್ತು, ಸಾಕೆಟ್ಟಿನಲ್ಲಿ ಬಿ ಮತ್ತು ಎಲ್ ನಡುವೆ 1.5 ಚದರ ಮಿಲಿಮೀಟರ್ ವೈರ್ ತುಂಡೊಂದನ್ನು ಸಿಕ್ಕಿಸಿ. ಕೀ ಆಫ್, ಹಜಾರ್ಡ್ ಆನ್. ಈಗ ಎಲ್ಲ ದೀಪ ಮಿನುಗದೆ ಒಂದೇ ಸಮ ಉರಿಯಬೇಕು. ಚೆನ್ನಾಗಿ ಉರಿದರೆ ಕೆಟ್ಟಿರುವುದು ಫ್ಲಾಷರ್, ಇಲ್ಲವೇ ಅದರ ಅರ್ತ್ ಪಿನ್. ಮಂಕಾಗಿದ್ದರೆ ಮೀಟರನ್ನು 20 ವೋಲ್ಟಿಗಿಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು ಬಿ ಪಿನ್ ಅಳೆಯಿರಿ. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 12ರ ಆಸುಪಾಸು ಇದ್ದರೆ ಅಡ್ಡಿಯಿಲ್ಲ. 10.8 ಬಂದರೆ ನಡುವಿನ ಫ್ಯೂಸ್ ಬಾಕ್ಸ್ ಅಥವಾ ಸ್ವಿಚ್ ನುಂಗುತ್ತಿದೆ. ಆಮೇಲೆ ಕೆಂಪು ಕಡ್ಡಿಯನ್ನು ಉರಿಯುತ್ತಿರುವ ಬಲ್ಬಿನ ಹಿತ್ತಾಳೆ ಬುಡಕ್ಕೆ ತಾಗಿಸಿ. 0.2 ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಐದು ನಿಮಿಷದೊಳಗೆ ಅಳೆದು ಮುಗಿಸಿ. 21 ವ್ಯಾಟಿನ ಬಲ್ಬು ಸತತ ಉರಿದರೆ ಪ್ಲಾಸ್ಟಿಕ್ ಲೆನ್ಸ್ ಮೆತ್ತಗಾಗುತ್ತದೆ.

ಸ್ವಿಚ್ ಬಿಚ್ಚುವ ಮುನ್ನ ಬ್ಯಾಟರಿ ಮೈನಸ್ ತೆಗೆಯಿರಿ. ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಅಲ್ಲೇ ಬಿಚ್ಚಿ, ತಮಾಷೆಗೆ ಹೇಳುತ್ತಿಲ್ಲ. ಅಕ್ಕಿಕಾಳಿನಷ್ಟು ಸ್ಪ್ರಿಂಗು, ಸಾಸಿವೆಗಿಂತ ಸ್ವಲ್ಪ ದಪ್ಪದ ಗುಂಡು ಚಂಗನೆ ಹಾರಿದರೆ ಮತ್ತೆ ಸಿಗುವುದಿಲ್ಲ. ಒಳಗೆ ತಾಮ್ರದ ಪಟ್ಟಿಗಳ ಮೇಲೆ ಗ್ರೀಸು ಒಣಗಿ ಬೆಲ್ಲದ ಅಂಟಿನಂತೆ ಕೂತಿರುತ್ತದೆ, ಒಂದೆರಡು ಜಾಗ ಕರಿಕಲಾಗಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ, 1000 ನಂಬರ್ ಎಮರಿ ಪೇಪರಿನಿಂದ ಹಗುರ ತಿಕ್ಕಿ. ಪಟ್ಟಿಯ ಸುತ್ತಲ ಪ್ಲಾಸ್ಟಿಕ್ ಕರಗಿ ಓರೆಯಾಗಿದ್ದರೆ ತಿಕ್ಕಿ ಫಲವಿಲ್ಲ, ಸ್ವಿಚ್ಚೇ ಬದಲಿಸಬೇಕು. ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಅಲ್ಲೇ ಮೀಟರಿಟ್ಟು ಒತ್ತಿ ನೋಡಿ ದುಡ್ಡು ಕೊಡಿ.

ಕೆಸರಿಗಿಳಿಯುವ ಗಾಡಿಯಲ್ಲಿ ಅರ್ತ್ ತೊಂದರೆ ತಪ್ಪದು. ಹಿಂದಿನ ದೀಪಕ್ಕೆ ಎಷ್ಟೋ ಕಡೆ ಗಾಡಿಯ ತಗಡಿಗೆ ಬಿಗಿದ ಸ್ಕ್ರೂವೇ ಅರ್ತ್. ಆ ಸ್ಕ್ರೂ ತುಕ್ಕು ಹಿಡಿದರೆ ಕರೆಂಟ್ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದಾಗ ಹಜಾರ್ಡ್ ನಿಲ್ಲುವುದು, ಪಾರ್ಕಿಂಗ್ ದೀಪವೂ ಜೊತೆಗೆ ಮಿನುಗುವುದು ಇದರ ಗುರುತು. ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ನೀರು ದಾಟುವ ಗಾಡಿಯಾದರೆ ದೀಪದಿಂದ ಚಾಸಿಗೆ ಪ್ರತ್ಯೇಕ ಅರ್ತ್ ವೈರ್ ಎಳೆದುಬಿಡುವುದೇ ಜಾಣತನ.

ಹೊಸ ಫ್ಯೂಸ್ ಹಾಕಿದ ಕ್ಷಣ ಹಾರಿದರೆ ಎಲ್ಲೋ ವೈರ್ ಗಾಡಿಯ ತಗಡಿಗೆ ತಾಗಿದೆ. ಡಜನ್ ಫ್ಯೂಸ್ ಸುಡುವ ಬದಲು ಅದೇ ಜಾಗದಲ್ಲಿ ಹೋಲ್ಡರ್ ಸಮೇತ 21 ವ್ಯಾಟಿನ ಬಲ್ಬು ಸಿಕ್ಕಿಸಿ. ಇಂಡಿಕೇಟರ್ ಬಲ್ಬುಗಳನ್ನೆಲ್ಲ ಮೊದಲು ತೆಗೆದಿರಬೇಕು, ಇಲ್ಲದಿದ್ದರೆ ಅವುಗಳ ಮೂಲಕವೇ ಟೆಸ್ಟ್ ಬಲ್ಬು ಉರಿದು ದಾರಿ ತಪ್ಪಿಸುತ್ತದೆ. ಫ್ಲಾಷರ್ ಜಾಗದಲ್ಲಿ ಆ ವೈರ್ ತುಂಡು ಇರಲಿ, ಹಜಾರ್ಡ್ ಆನ್ ಇರಲಿ. ಬಲ್ಬು ಪೂರ್ತಿ ಉರಿಯುತ್ತಿರುವಾಗ ವೈರಿಂಗನ್ನು ಅಂಗೈಯಗಲ ಅಂಗೈಯಗಲ ಅಲುಗಾಡಿಸುತ್ತ ಹೋಗಿ. ಎಲ್ಲಿ ಅಲುಗಾಡಿಸಿದಾಗ ಬಲ್ಬು ಆರುತ್ತದೋ ಅಲ್ಲೇ ಗಾಯ. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಹರಿದ ಜಾಗ, ಚಾಸಿಯ ಅಂಚು, ಟ್ರೇಲರ್ ಸಾಕೆಟ್ ಇವೇ ಮೊದಲ ಅನುಮಾನಗಳು.

ಎಲ್‌ಇಡಿ ಹಾಕಿಸಿದವರಿಗೆ ಎರಡು ಮಾತು. ಕರೆಂಟ್ ಕಡಿಮೆ ಎಳೆಯುವುದರಿಂದ ಬಲ್ಬು ಹೋಗಿದೆ ಅಂದುಕೊಂಡು ಎಲೆಕ್ಟ್ರಾನಿಕ್ ಫ್ಲಾಷರ್ ಪಟಪಟ ಹೊಡೆಯುತ್ತದೆ. ಬಿಸಿಗೆ ಬಾಗುವ ಲೋಹದ ಪಟ್ಟಿಯ ಹಳೇ ಬೈಮೆಟಲ್ ಫ್ಲಾಷರ್ ಆದರೆ ಮಿನುಗುವುದೇ ಇಲ್ಲ. ಎಲ್‌ಇಡಿಗೆಂದೇ ಮಾಡಿದ ಫ್ಲಾಷರ್ ಹಾಕಿ, ರೆಸಿಸ್ಟರ್ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. 6 ಓಮ್‌ನದ್ದು ಎಂಜಿನ್ ಓಡುವಾಗ ಉರಿದಷ್ಟು ಹೊತ್ತೂ 30 ವ್ಯಾಟಿಗಿಂತ ಹೆಚ್ಚು ಶಾಖ ಕಾರುತ್ತದೆ.

ಮೀಟರ್ ಬೋರ್ಡಿನಲ್ಲಿ ಎಡಬಲಕ್ಕೆ ಸೇರಿ ಒಂದೇ ಪುಟ್ಟ ಬಲ್ಬು ಇರುವ ಗಾಡಿಗಳಲ್ಲಿ ಅದನ್ನು ಎಡ ಮತ್ತು ಬಲ ಲೈನುಗಳ ನಡುವೆಯೇ ಕೊಟ್ಟಿರುತ್ತಾರೆ. ಎಲ್‌ಇಡಿ ಹಾಕಿದ ಮೇಲೆ ಎಡಕ್ಕೆ ಎಳೆದರೂ ನಾಲ್ಕೂ ಮಿನುಗುವುದು ಅದರ ಮೂಲಕ ಕರೆಂಟ್ ಆಚೆ ಪಕ್ಕಕ್ಕೆ ದಾಟುವುದರಿಂದ. ಹಜಾರ್ಡ್ ಹಾಕಿದಾಗ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಆ ಬಲ್ಬು ಉರಿಯುವುದೇ ಇಲ್ಲ. ಹೊರಗಿನ ದೀಪಗಳು ಮಿನುಗುತ್ತಿದ್ದರೆ ಅದನ್ನು ರಿಪೇರಿ ಮಾಡಲು ಹೋಗಬೇಡಿ.