ಗೇಟಿನ ಕೋಣೆಯಲ್ಲಿ ಮೂರು ಗಂಟೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ಸೆಕ್ಯುರಿಟಿ ಸೂಪರ್‌ವೈಸರ್. ಕಳೆದ ವರ್ಷ ಒಂದು ಮಧ್ಯಾಹ್ನ ಸಂಘದ ಕಾರ್ಯದರ್ಶಿ ಫೋನ್ ಮಾಡಿ, ಒಂದು ಮನೆಯಲ್ಲಿ ಚಿನ್ನದ ಬಳೆ ಕಾಣುತ್ತಿಲ್ಲ, ಕೆಲಸದ ಹೆಂಗಸನ್ನು ಹೊರಗೆ ಬಿಡಬೇಡಿ ಎಂದರು. ನಾನು ಬಿಡಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿ, ಮಹಿಳಾ ಗಾರ್ಡ್‌ಗೆ ಹೇಳಿ ಚೀಲ ಸುರಿಸಿದೆ. ಟಿಫಿನ್ ಡಬ್ಬಿ, ಮಗುವಿನ ಔಷಧಿ ಚೀಟಿ, ಬಸ್ಸಿನ ಶೂನ್ಯ ಟಿಕೆಟ್. "ಅಣ್ಣಾ, ಮಗು ಶಾಲೆಯಿಂದ ಬರುವ ಹೊತ್ತಾಯಿತು" ಎಂದು ಆಕೆ ಎರಡು ಸಲ ಹೇಳಿದರು.

ಮೂರು ಗಂಟೆಯಾದ ಮೇಲೆ ಬಂದ ಹೆಡ್ ಕಾನ್‌ಸ್ಟೇಬಲ್ ಕೇಳಿದ್ದು ಒಂದೇ: "ಕದ್ದದ್ದನ್ನು ಕಣ್ಣಾರೆ ಕಂಡವರು ಯಾರು?" ಯಾರೂ ಇರಲಿಲ್ಲ.

ಬಂಧನ, ತನಿಖೆಯ ನಿಯಮಗಳಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮನ್ನು ನಾನು ಓದಿದ್ದು ಆ ರಾತ್ರಿ. ಜಾಮೀನುರಹಿತ ಸಂಜ್ಞೇಯ ಅಪರಾಧವನ್ನು (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ತನ್ನ ಕಣ್ಣೆದುರೇ ಮಾಡಿದವರನ್ನು, ಇಲ್ಲವೇ ತಲೆಮರೆಸಿಕೊಂಡಿದ್ದಾರೆಂದು ನ್ಯಾಯಾಲಯ ಸಾರಿದ ಘೋಷಿತ ಅಪರಾಧಿಯನ್ನು ಮಾತ್ರ ಸಾಮಾನ್ಯ ಪ್ರಜೆ ಹಿಡಿಯಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ನನ್ನ ಸಮವಸ್ತ್ರಕ್ಕೆ ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಅಧಿಕಾರವಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಮಾದರಿ ನಿಯಮಗಳು ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಕೇಳುತ್ತವೆ. ನನಗೆ ಸಿಕ್ಕಿದ್ದು ನಾಲ್ಕು ದಿನ: ಸೆಲ್ಯೂಟ್ ಮತ್ತು ಬೆಂಕಿ ಆರಿಸುವುದು. ಈಗ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ: 112ಕ್ಕೆ ಕರೆ ಮಾಡಿ, ಕಂಡದ್ದನ್ನು ಸಮಯದ ಸಮೇತ ಬರೆದಿಡಿ, ಯಾರ ಚೀಲಕ್ಕೂ ಕೈಹಾಕಬೇಡಿ.

ಠಾಣೆಗಳಲ್ಲಿ ಜನ ಸಾಲದು, ಕಾವಲನ್ನು ಖಾಸಗಿಯವರಿಗೇ ಬಿಡಿ ಎನ್ನುವವರಿದ್ದಾರೆ. ಗೇಟು ಕಾಯುವ ಮಟ್ಟಿಗೆ ಒಪ್ಪುತ್ತೇನೆ. ಹಿಡಿಯುವ, ಶೋಧಿಸುವ ಅಧಿಕಾರವನ್ನು ಮಾತ್ರ ಸಂಬಳ ಕೊಡುವವರ ಕೈಗೆ ಕೊಡಬಾರದು. ಖಾಸಗಿ ಕಂಪನಿಗಳಿಗೂ ಸರ್ಕಾರಿ ಪಡೆಯ ಕಾವಲು ಸಿಗುವಂತೆ 2009ರಲ್ಲಿ ಕಾನೂನು ತಿದ್ದಿದ ಮೇಲೆ ಬೆಂಗಳೂರಿನ ಇನ್ಫೋಸಿಸ್ ಆವರಣಕ್ಕೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಬಂತು. ಖರ್ಚು ಕಂಪನಿಯದು, ಪಡೆ ಸರ್ಕಾರದ್ದೇ. ನಾನು ಆ ದಿನ ಹೆದರಿದ್ದು ಕಾರ್ಯದರ್ಶಿಗೆ, ಕಾನೂನಿಗಲ್ಲ.

ಪೊಲೀಸರು ವಿಚಾರಿಸಿ ಆಕೆಯನ್ನು ಅಂದೇ ಮನೆಗೆ ಕಳುಹಿಸಿದರು. ಬಳೆ ಸಿಗಲೇ ಇಲ್ಲ. ಸಂಘ ಮಾತ್ರ ಗೇಟಿನ ಆ್ಯಪ್‌ನಲ್ಲಿ ಆಕೆಯ ಪ್ರವೇಶ ತಡೆಯಿತು. ನಾಲ್ಕು ಮನೆಗಳ ಕೆಲಸ ಒಂದೇ ಏಟಿಗೆ ಹೋಯಿತು. ಠಾಣೆಯವರು ತಪ್ಪು ಮಾಡಿದರೆ ಮೇಲಧಿಕಾರಿ, ನ್ಯಾಯಾಲಯ, ಮಾನವ ಹಕ್ಕುಗಳ ಆಯೋಗ ಇವೆ. ಮರುವಾರ ಆಕೆ ಬಂದು, "ಅಣ್ಣಾ, ಇದನ್ನು ತೆಗೆಸಲು ಯಾರಿಗೆ ಹೇಳಬೇಕು?" ಎಂದು ಕೇಳಿದರು. ಕಾರ್ಯದರ್ಶಿಯ ಮನೆ ನಂಬರ್ ಹೇಳಿದೆ. ಅಲ್ಲಿಗೆ ಹೋಗಲು ಆಕೆ ನನ್ನ ಗೇಟನ್ನೇ ದಾಟಬೇಕಿತ್ತು.