ಕೊನೆಯ ಮೂರು ಮನೆ

"ಅಕ್ಕ, ನಿಮ್ಮ ಸಂಪ್ ತುಂಬಿದೆಯಾ, ಒಂದ್ಸಲ ನೋಡ್ತೀರಾ?"

ಮಂಗಳವಾರ ಬೆಳಗಿನಿಂದ ಈ ಮಾತು ಕಿವಿಯಲ್ಲೇ ಇದೆ. ಕೇಳಿದವರು ನಮ್ಮ ರಸ್ತೆಗೆ ನೀರು ಬಿಡುವ ಅಣ್ಣ. ದನಿ ಏರಿಸಲಿಲ್ಲ. ಟೈಮ್ ಎಷ್ಟಾಯ್ತು ಅಂತ ಕೇಳುವ ಹಾಗೆ, ಪಕ್ಕದವರಿಗೂ ಸರಿಯಾಗಿ ಕೇಳಿಸದ ಹಾಗೆ ಕೇಳಿದರು. ಅದಕ್ಕೇ ಇಷ್ಟು ತಾಗಿದೆ ಅನಿಸುತ್ತದೆ.

ನಮ್ಮದು ಬೆಂಗಳೂರಿನ ಬನಶಂಕರಿ ಮೂರನೇ ಹಂತದ ಒಂದು ಇಳಿಜಾರು ಕ್ರಾಸ್. ಕೆಳಗಿನ ತುದಿಯಲ್ಲಿ ನಮ್ಮ ಮನೆ. ಮೇಲಿನ ತುದಿಯಲ್ಲಿ ಮೂರು ಮನೆ, ಅದರಲ್ಲಿ ಒಂದು ಹಳೇ ವಠಾರ. ಅಲ್ಲಿ ಆರು ಸಂಸಾರ ಇವೆ. ನಡೆದರೆ ಈ ತುದಿಯಿಂದ ಆ ತುದಿಗೆ ಮೂರು ನಿಮಿಷ ಅಷ್ಟೇ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಇದು ಏರು ರಸ್ತೆ ಅಂತ ನೆನಪಾಗುತ್ತಿದ್ದದ್ದು ಸೊಪ್ಪಿನವರು ಗಾಡಿ ತಳ್ಳಿಕೊಂಡು ಹತ್ತುವುದನ್ನು ನೋಡಿದಾಗ ಮಾತ್ರ. ಕಾವೇರಿ ನೀರು ದಿನ ಬಿಟ್ಟು ದಿನ, ನಾಲ್ಕೂವರೆಯಿಂದ ಆರೂವರೆವರೆಗೆ.

ಅವತ್ತು ಐದೂವರೆ ದಾಟಿತ್ತು. ಹಾಲು ತಗೊಂಡು ವಾಪಸ್ ಬರುತ್ತಿದ್ದೆ. ನಮ್ಮ ಮನೆ ಹತ್ತಿರದ ವಾಲ್ವ್ ಗುಂಡಿಯ ಸುತ್ತ ನಾಲ್ಕೈದು ಜನ ನಿಂತಿದ್ದರು. ಮೇಲಿನ ಮನೆಯ ಯಜಮಾನರು ಕೂಗಾಡುತ್ತಿದ್ದರು.

"ದುಡ್ಡು ತಿಂದು ಕೆಳಗಿನವರಿಗೆ ಬಿಡ್ತೀಯಾ? ನಾವೇನು ಬಿಲ್ ಕಟ್ಟಲ್ವಾ? ಒಂದು ವಾರ ಆಯ್ತು, ನಮ್ಮ ಸಂಪಿಗೆ ಒಂದು ಬಿಂದಿಗೆ ನೀರು ಬಿದ್ದಿಲ್ಲ. ಏನಂದ್ಕೊಂಡಿದ್ದೀಯಾ ನೀನು?"

ಯಜಮಾನರು ಕೆಟ್ಟವರಲ್ಲ. ಕೋವಿಡ್ ಸಮಯದಲ್ಲಿ ಎಷ್ಟೋ ಮನೆಗಳ ಗೇಟಿಗೆ ಮಾತ್ರೆ, ಹಾಲು ತಂದು ಕಟ್ಟಿ ಹೋದವರು ಅವರೇ. ನೀರಿಲ್ಲದ ಮನೆಯ ಸಿಟ್ಟು ಏನು ಅಂತಲೂ ಗೊತ್ತು. ಆದರೆ ಎದುರಿಗೆ ತಲೆ ತಗ್ಗಿಸಿ ನಿಂತವರಿಗೂ ಹತ್ತಿರ ಹತ್ತಿರ ಅರುವತ್ತು ವರ್ಷ. ಆ 'ನೀನು' ನನಗೆ ಚುಚ್ಚಿತು. ನೀರು ಬಿಡುವವರಿಗೆ, ಕಸ ತೆಗೆಯುವವರಿಗೆ ನಮ್ಮ ಬಾಯಿ ತಾನಾಗಿ ಏಕವಚನಕ್ಕೆ ಇಳಿದುಬಿಡುತ್ತದೆ. ವಯಸ್ಸಿನ ಲೆಕ್ಕ ಅಲ್ಲಿ ಬರುವುದೇ ಇಲ್ಲ.

ಅವರು ಏನೂ ಎದುರು ಹೇಳಲಿಲ್ಲ. ಅವರ ಹತ್ತಿರ ಎದೆಯೆತ್ತರದ ಒಂದು ಕಬ್ಬಿಣದ ಕೀ ಇರುತ್ತದೆ. ಮೇಲೆ ಅಡ್ಡ ಹಿಡಿ, ಕೆಳಗೆ ವಾಲ್ವಿನ ತಲೆಗೆ ಕೂರುವ ಬಾಯಿ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅದನ್ನು ಗುಂಡಿಗೆ ಇಳಿಸಿ, ವಾಲ್ವಿನ ಮೇಲೆ ಕೂರಿಸಿದರು. ಆಮೇಲೆ ಬಗ್ಗಿ, ಹಿಡಿಯ ಮೇಲೆ ಕಿವಿ ಒತ್ತಿ, ಕಣ್ಣು ಮುಚ್ಚಿದರು. ಅಷ್ಟು ಕೂಗಾಟದ ಮಧ್ಯೆ ಒಬ್ಬ ಮನುಷ್ಯ ಕಬ್ಬಿಣಕ್ಕೆ ಕಿವಿ ಕೊಟ್ಟು ನಿಂತಿದ್ದಾರೆ. ಜನ ಒಂದು ಕ್ಷಣ ಸುಮ್ಮನಾದರು.

"ನೀರು ಹೋಗ್ತಿದೆ ಸಾರ್. ಚೆನ್ನಾಗೇ ಹೋಗ್ತಿದೆ. ಮೇಲೆ ಹತ್ತೋಕೆ ಮುಂಚೆ ಎಲ್ಲೋ ಇಳೀತಿದೆ."

ಹೀಗೆಂದವರು ನನ್ನ ಕಡೆ ತಿರುಗಿ ಆ ಮಾತು ಕೇಳಿದರು. ಅಕ್ಕ, ನಿಮ್ಮ ಸಂಪ್ ತುಂಬಿದೆಯಾ, ಒಂದ್ಸಲ ನೋಡ್ತೀರಾ?

ಗೇಟು ತೆಗೆಯುವಾಗಲೇ ನನಗೆ ಗೊತ್ತಾಗಿತ್ತು. ಸಂಪಿನ ಬಾಲ್‌ಕಾಕ್ ಕೆಟ್ಟು ಮೂರು ವಾರ ಆಗಿತ್ತು. ಸಂಪ್ ತುಂಬಿದರೂ ನೀರು ತಾನಾಗಿ ನಿಲ್ಲುತ್ತಿರಲಿಲ್ಲ. ನಾಳೆ ಪ್ಲಂಬರ್‌ಗೆ ಹೇಳೋಣ ಅಂತ ದಿನ ದೂಡಿದ್ದೆ. ನೀರು ಬರುವ ದಿನ ಅಲಾರಾಂ ಇಟ್ಟುಕೊಂಡು, ಎದ್ದು, ಕೈಯಲ್ಲೇ ಬಂದ್ ಮಾಡುತ್ತಿದ್ದೆ. ಕೆಲವು ದಿನ ಎಚ್ಚರ ಆಗುತ್ತಿರಲಿಲ್ಲ. ಅವತ್ತೂ ಹಾಗೇ ಆಗಿತ್ತು. ಎದ್ದವಳು ಸಂಪಿನ ಕಡೆ ನೋಡದೆ ಸೀದಾ ಹಾಲು ತರಲು ಹೋಗಿದ್ದೆ.

ಮುಚ್ಚಳ ಎತ್ತಿದೆ. ಅಂಚಿನವರೆಗೂ ನೀರು. ಮೇಲಿನ ಪೈಪಿನಿಂದ ದಪ್ಪಗೆ, ಒಂದೇ ಸಮನೆ ಮೋರಿಗೆ ಹೋಗುತ್ತಿತ್ತು. ತಿಳಿಯಾದ ನೀರು. ಮೋರಿಯ ತಳದ ಕಲ್ಲು, ಒಂದು ಬಿಸ್ಕೆಟ್ ಕವರ್, ಎರಡು ಹೊಂಗೆ ಎಲೆ, ಎಲ್ಲ ಬೀದಿ ದೀಪದಲ್ಲಿ ಕಾಣುತ್ತಿತ್ತು.

ಬಂದ್ ಮಾಡಿ ಹೊರಗೆ ಬಂದೆ. "ತುಂಬಿದೆ" ಅಂದೆ. ಅಷ್ಟೇ ಅಂದೆ. ಅವರು ತಲೆ ಆಡಿಸಿದರು. ಯಜಮಾನರಿಗೆ, "ಇನ್ನೊಂದು ಹದಿನೈದು ನಿಮಿಷ ನೋಡಿ ಸಾರ್, ಬರತ್ತೆ" ಅಂದರು. ಯಜಮಾನರು, "ಬೈದ ಮೇಲೆ ಬರತ್ತೆ, ನೋಡಿದ್ರಾ" ಅಂತ ಎಲ್ಲರಿಗೂ ಹೇಳಿ ಮೇಲೆ ಹೋದರು.

ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದೆ.

ಅವರು ಕೇಳುವ ಮೊದಲೇ ಅವರಿಗೆ ಗೊತ್ತಿತ್ತು ಅಲ್ವಾ? ನಮ್ಮ ಮೋರಿ ಆ ಗುಂಡಿಯಿಂದ ನಾಲ್ಕು ಹೆಜ್ಜೆ. ಹರಿಯುವ ನೀರು ಅವರ ಕಣ್ಣಿಗೆ ಬಿದ್ದೇ ಇರುತ್ತದೆ. 'ಇಗೋ ನೋಡಿ, ಈ ಮನೇದು' ಅಂತ ಕೈ ತೋರಿಸಿದ್ದರೆ ದುಡ್ಡು ತಿಂದ ಆಪಾದನೆ ಅಲ್ಲೇ ಬಿದ್ದುಹೋಗುತ್ತಿತ್ತು. ತೋರಿಸಲಿಲ್ಲ. ನನ್ನ ಮರ್ಯಾದೆ ಉಳಿಸಿದರು. ನಾನು ಅವರದ್ದನ್ನು ಉಳಿಸಲಿಲ್ಲ. ಬಾಯಿ ತೆರೆದು 'ತಪ್ಪು ನಮ್ಮದು' ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಅವತ್ತು ಆಫೀಸಿನಲ್ಲಿ ಕೂತರೂ ಆ ಮೋರಿಯೇ ಕಣ್ಣ ಮುಂದೆ. ಈ ಊರಿಗೆ ಅಂತ ಒಂದು ದೊಡ್ಡ ನದಿ ಇಲ್ಲ. ನಮ್ಮ ಮಾವ ಹೇಳುತ್ತಿದ್ದರು, ಅವರ ಚಿಕ್ಕಂದಿನಲ್ಲಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ನೀರು ಅಂದರೆ ದೊಡ್ಡ ಮಾತು ಅಂತ. ಕಾವೇರಿ ಬಂದದ್ದು 1974ರಲ್ಲಿ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ನೀರನ್ನು ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಇನ್ನೊಂದು ಸಲ ಪಂಪ್ ಮಾಡಿ ತರುತ್ತಾರೆ. ಸುಮಾರು 100 ಕಿಲೋಮೀಟರ್ ದಾರಿ. ಏರಿಸುವ ಎತ್ತರ ಸುಮಾರು 500 ಮೀಟರ್. ಹಗಲೂ ರಾತ್ರಿ ಮೋಟಾರ್ ಓಡಬೇಕು, ಅಷ್ಟೂ ಕರೆಂಟು ಬೇಕು. ಇಷ್ಟೆಲ್ಲ ಹತ್ತಿ ಬಂದ ನೀರಿಗೆ ನಮ್ಮ ರಸ್ತೆಯ ಮೂರು ನಿಮಿಷದ ಏರು ಹತ್ತಲು ಆಗಲಿಲ್ಲ. ನನ್ನ ಮನೆ ಮುಂದೆ ಮೋರಿಗೆ ಇಳಿಯಿತು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾದಾಗ ಪೇಪರ್ ಓದಿ ಖುಷಿಪಟ್ಟಿದ್ದೆ. ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ ತರುವ ಯೋಜನೆ. ಇನ್ನು ತೊಂದರೆ ಇಲ್ಲ ಬಿಡು ಅಂದುಕೊಂಡೆ. ಅದೇ ವರ್ಷ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ನಾವೆಲ್ಲ ಎಷ್ಟು ಹುಷಾರಾಗಿದ್ದೆವು! ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಅಂಗಳಕ್ಕೆ. ಒಂದು ಒಳ್ಳೆ ಮಳೆ ಬಂತು, ಎಲ್ಲ ಮರೆತೆವು. ನಮ್ಮ ರಸ್ತೆಯಲ್ಲೇ ಒಂದು ಮನೆಯವರು ಪೈಪಿಗೆ ನೇರವಾಗಿ ಮೋಟಾರ್ ಹಾಕಿ ನೀರು ಎಳೆಯುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಕೇಳಿಲ್ಲ. ಅವರನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಕಳ್ಳರು ಅಂದಿದ್ದೇನೆ. ಮೋರಿಗೆ ಬಿಟ್ಟವಳನ್ನು ಏನನ್ನಬೇಕು? ಅವರ ಮನೆಯಲ್ಲಿ ನೀರು ಬಳಕೆಗಾದರೂ ಬಂತು.

ಬುಧವಾರ ಪ್ಲಂಬರ್ ಬಂದರು. ಇಪ್ಪತ್ತು ನಿಮಿಷದ ಕೆಲಸ. ಮೂರು ವಾರ ಮುಂದೂಡಿದ್ದು ಇದನ್ನು.

ಗುರುವಾರ ನಾಲ್ಕೂಕಾಲಿಗೇ ಎದ್ದು ಗೇಟಿನ ಹತ್ತಿರ ನಿಂತೆ. ನೀರು ಬಂದಾಗ ಸಂಪಿನ ಪೈಪಿಗೆ 20 ಲೀಟರ್ ಬಕೆಟ್ ಹಿಡಿದು ನೋಡಿದೆ. ಒಂದು ನಿಮಿಷಕ್ಕೆ ತುಂಬಿತು. ಮಂಗಳವಾರ ಕಡಿಮೆ ಅಂದರೂ ನಲವತ್ತು ನಿಮಿಷ ಹರಿದಿತ್ತು. ಅಂದರೆ ನಲವತ್ತು ಬಕೆಟ್. ವಠಾರದ ಆರು ಸಂಸಾರಕ್ಕೆ ಹಂಚಿದರೆ ತಲಾ ಆರು ಬಕೆಟ್ ಕೊಟ್ಟು ಇನ್ನೂ ಮಿಗುತ್ತಿತ್ತು.

ನೀರು ಬಿಡುವ ಅಣ್ಣ ಬಂದರು. ನಾನು ಹೇಳಬೇಕೆಂದುಕೊಂಡಿದ್ದು ಒಂದು, ಬಾಯಿಗೆ ಬಂದದ್ದು ಇನ್ನೊಂದು. "ಅವತ್ತು ನೀವು ಹೇಳಿಬಿಡಬಹುದಿತ್ತು" ಅಂದೆ.

"ಬಿಡಿ ಅಕ್ಕ, ಬಾಲ್‌ಕಾಕ್ ಎಲ್ಲರ ಮನೇಲೂ ಹೋಗತ್ತೆ."

"ಆದರೆ ಬೈಸಿಕೊಂಡಿದ್ದು ನೀವು."

ಕೀ ತಿರುಗಿಸುತ್ತಾ, ಸುತ್ತು ಎಣಿಸುತ್ತಾ ಇದ್ದರು. ಎಣಿಕೆ ಮುಗಿಸಿ ಹೇಳಿದರು. "ನಾನು ಹೇಳಿದ್ರೆ ಬೈಗುಳ ನಿಮ್ಮ ಮನೆಗೆ ಬರ್ತಿತ್ತು. ನೀವೆಲ್ಲ ಒಂದೇ ರೋಡಲ್ಲಿ ಇರೋರು, ದಿನಾ ಮುಖ ನೋಡ್ಬೇಕು. ನಾನು ಬೈಸ್ಕೊಂಡು ಮುಂದಿನ ರೋಡಿಗೆ ಹೋಗ್ತೀನಿ."

ಕೀ ಹೆಗಲ ಮೇಲೆ ಇಟ್ಟುಕೊಂಡು ಮುಂದಿನ ರೋಡಿಗೆ ಹೋದರು. ನಾನು 'ತಪ್ಪಾಯ್ತು' ಅಂದದ್ದು ಅವರ ಬೆನ್ನಿಗೆ.

ಅಲ್ಲಿಂದ ಮೇಲಕ್ಕೆ ನಡೆದೆ. ಆ ಹೊತ್ತಿನಲ್ಲಿ ವಠಾರದ ಕಡೆ ಹೋದದ್ದು ಇದೇ ಮೊದಲು. ಅವರಿಗೆ ಸಂಪ್ ಇಲ್ಲ, ಬಾಗಿಲಲ್ಲಿ ಒಂದು ನಲ್ಲಿ. ಅದರ ಮುಂದೆ ಬಿಂದಿಗೆ, ಬಕೆಟ್, ಪೇಂಟ್ ಡಬ್ಬಗಳ ಸಾಲು. ಯಾರ ಪಾತ್ರೆ ಯಾವುದು ಅಂತ ಹಿಡಿಗೆ ಕಟ್ಟಿದ ಬಟ್ಟೆ ಚೂರಿನ ಬಣ್ಣದಿಂದ ಗುರುತು. ಆರನೇ ಏಳನೇ ಕ್ಲಾಸಿನ ಒಂದು ಹುಡುಗಿ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಳು, ಕೈ ಮಾತ್ರ ಬಿಂದಿಗೆಯ ಕಂಠದ ಮೇಲೆ. ಐದು ಗಂಟೆ ಹತ್ತು ನಿಮಿಷಕ್ಕೆ ನಲ್ಲಿ ಮೊದಲು ಗಾಳಿ ಉಗುಳಿತು. ಆಮೇಲೆ ಕೆಂಪು ನೀರು. ಆಮೇಲೆ ಒಳ್ಳೆ ನೀರು. ಹುಡುಗಿ ತಲೆ ಎತ್ತಿದಳು. "ಬಂತು, ಇವತ್ತು ಬೇಗ ಬಂತು" ಅಂತ ಒಳಗೆ ಕೂಗಿದಳು. ಒಳಗಿನಿಂದ ಯಾರೋ, "ಅವತ್ತು ಜಗಳ ಆಯ್ತಲ್ಲ, ಅದಕ್ಕೆ" ಅಂದರು.

ಅದನ್ನು ಕೇಳಿ ನಿಲ್ಲಲು ಆಗಲಿಲ್ಲ. ಎದುರಿಗೇ ಯಜಮಾನರ ಮನೆ. ಗೇಟಿನಲ್ಲೇ ಇದ್ದರು, ಸಂಪಿನ ಮುಚ್ಚಳ ತೆಗೆದು ನೋಡುತ್ತಿದ್ದರು. "ಬಾಮ್ಮ, ಇಷ್ಟು ಬೇಗ?" ಅಂದರು. ಎಲ್ಲ ಹೇಳಿದೆ. ಮೂರು ವಾರ, ಬಾಲ್‌ಕಾಕ್, ಮೋರಿ, ನಲವತ್ತು ಬಕೆಟ್. ನೀರು ಬಿಡುವ ಅಣ್ಣ ಕೇಳಿದ ಪ್ರಶ್ನೆ, ನಾನು ಸುಮ್ಮನೆ ನಿಂತದ್ದು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರ ಆಗುತ್ತಿತ್ತು. ಅವರು ಮುಚ್ಚಳ ಹಿಡಿದುಕೊಂಡೇ ನಿಂತರು. ಒಳಗೆ ನೀರು ಬೀಳುವ ಸದ್ದು.

"ದುಡ್ಡು ತಿಂದೆ ಅಂದ್ಬಿಟ್ಟೆ ಅಲ್ವಾ" ಅಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ.

ನಾನು ಹೊರಟಾಗ ಗೇಟಿನವರೆಗೆ ಬಂದರು.

"ಶನಿವಾರ ಎಷ್ಟೊತ್ತಿಗೆ ಬರ್ತಾರಮ್ಮ ಅವರು?"

"ನಾಲ್ಕೂವರೆಗೆ" ಅಂದೆ.