ಶಂಕುಸ್ಥಾಪನೆಗೂ ಮುಂಚಿನ ಕೆಲಸ

ಅಭಿವೃದ್ಧಿಶೀಲ ದೇಶವೊಂದರ ಸರ್ಕಾರ ತಂತ್ರಜ್ಞಾನ ಪಾರ್ಕ್ ಕಟ್ಟುವುದಾಗಿ ಘೋಷಿಸಿದಾಗ ಮೊದಲು ಪ್ರಕಟವಾಗುವುದು ಗಾಜಿನ ಕಟ್ಟಡಗಳ ಚಿತ್ರ. ಅಂಥ ಚಿತ್ರ ಕಂಡಾಗಲೆಲ್ಲ ನನಗೆ ಮೂರು ಪ್ರಶ್ನೆಗಳು ಏಳುತ್ತವೆ. ಆ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ? ಅಲ್ಲಿ ದುಡಿಯಬಲ್ಲ ಎಂಜಿನಿಯರುಗಳು ಎಲ್ಲಿ ತಯಾರಾಗುತ್ತಾರೆ? ನಾಲ್ಕೈದು ಜನರ ಕಂಪನಿಗೆ ಅಲ್ಲೊಂದು ಕೊಠಡಿ ಸಿಗುತ್ತದೆಯೇ?

ಕೆನ್ಯಾದ ಕೊಂಜಾ ತಂತ್ರಜ್ಞಾನ ನಗರದ ಯೋಜನೆಯನ್ನು ನಾನು ಬಹಳ ಆಸ್ಥೆಯಿಂದ ಗಮನಿಸುತ್ತ ಬಂದಿದ್ದೇನೆ. ನೈರೋಬಿಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಹಿಂದೆ ಜಾನುವಾರು ಮೇಯಿಸುತ್ತಿದ್ದ 5,000 ಎಕರೆ ಒಣ ಬಯಲನ್ನು ಸರ್ಕಾರ ಇದಕ್ಕಾಗಿ ಆರಿಸಿಕೊಂಡಿತು. 2008ರಲ್ಲಿ ಒಪ್ಪಿಗೆ ದೊರೆತ ಈ ಯೋಜನೆಗೆ 2013ರ ಜನವರಿಯಲ್ಲಿ ಅಧ್ಯಕ್ಷ ಮ್ವಾಯ್ ಕಿಬಾಕಿ ಶಂಕುಸ್ಥಾಪನೆ ಮಾಡಿದರು. ಆದರೆ ಊರೇ ಇಲ್ಲದ ಕಡೆ ರಸ್ತೆ, ಕುಡಿಯುವ ನೀರು, ಒಳಚರಂಡಿ, ವಿದ್ಯುತ್ ಉಪಕೇಂದ್ರ ಎಲ್ಲವನ್ನೂ ಹೊಸದಾಗಿಯೇ ಮಾಡಬೇಕಾದ್ದರಿಂದ, ಸಮಾರಂಭ ಮುಗಿದು ವರ್ಷಗಳು ಕಳೆದರೂ ಅಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಬಯಲೇ. ಅಡ್ಡಾದಿಡ್ಡಿ ಕಟ್ಟಡಗಳು ಏಳಬಾರದೆಂದು ಸುತ್ತಲಿನ 10 ಕಿಲೋಮೀಟರನ್ನು ನಿರ್ಬಂಧಿತ ವಲಯವೆಂದು ಗುರುತಿಸಲಾಯಿತು. ಉದ್ದೇಶ ಸರಿಯಾದುದೇ, ಆದರೆ ಯೋಜನೆ ತಡವಾದಷ್ಟೂ ಇಂಥ ನಿರ್ಬಂಧದ ಹೊರೆ ಹೊರುವವರು ಅಲ್ಲಿ ಜಮೀನು ಇಟ್ಟುಕೊಂಡ ಸಾಮಾನ್ಯರು ಎಂಬುದನ್ನು ಯೋಜಕರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ತೈವಾನಿನ ಷಿಂಚು ವಿಜ್ಞಾನ ಪಾರ್ಕ್ ಆರಂಭವಾದದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಅದೇ ಊರಿನಲ್ಲಿ ಎರಡು ವಿಶ್ವವಿದ್ಯಾಲಯಗಳು ಎರಡು ದಶಕಗಳಿಂದ ನಡೆಯುತ್ತಿದ್ದವು. ಸರ್ಕಾರವೇ 1973ರಲ್ಲಿ ಸ್ಥಾಪಿಸಿದ ಕೈಗಾರಿಕಾ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಅಲ್ಲಿತ್ತು. ಆ ಸಂಸ್ಥೆ 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಯಾರಿಕೆಯ ತಂತ್ರಜ್ಞಾನ ಪಡೆದು, ಕಲಿತು ಬರಲೆಂದು ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಳುಹಿಸಿತು. ಮುಂದೆ ಚಿಪ್ ತಯಾರಿಕಾ ಕಂಪನಿಗಳಾದ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ ಹುಟ್ಟಿದ್ದು ಈ ಸಂಸ್ಥೆಯ ಒಡಲಿನಿಂದಲೇ. ಪಾರ್ಕಿನ ಗೇಟು ತೆರೆಯುವ ಮುಂಚೆಯೇ ಒಳಗೆ ಬರಬೇಕಾದವರು ಪಕ್ಕದಲ್ಲೇ ತಯಾರಾಗಿದ್ದರು. ತೆರಿಗೆ ರಿಯಾಯಿತಿಯ ಮಾತು ಎಲ್ಲ ದೇಶಗಳೂ ಆಡುತ್ತವೆ; ಷಿಂಚುವಿನಿಂದ ಕಲಿಯಬೇಕಾದದ್ದು ಈ ಪೂರ್ವಸಿದ್ಧತೆಯನ್ನು ಎಂದು ನಾನು ದೃಢವಾಗಿ ನಂಬಿದ್ದೇನೆ.

ಅಲ್ಲಿನ ಇನ್ನೊಂದು ನಿಯಮವೂ ನನಗೆ ಬಹಳ ಮುಖ್ಯವೆನಿಸುತ್ತದೆ. ಪಾರ್ಕಿನ ಜಮೀನನ್ನು ಕಂಪನಿಗಳಿಗೆ ಮಾರುವುದಿಲ್ಲ, ಗುತ್ತಿಗೆಗೆ ಕೊಡುತ್ತಾರೆ. ಅಗ್ಗದ ದರಕ್ಕೆ ನಿವೇಶನವನ್ನು ಕ್ರಯಕ್ಕೆ ಕೊಟ್ಟುಬಿಟ್ಟರೆ, ಅದಕ್ಕೆ ಬೇಲಿ ಹಾಕಿ ಬೆಲೆ ಏರುವುದನ್ನು ಕಾಯುತ್ತ ಕೂರುವವರಿಗೆ ಅನುಕೂಲವಾಗುತ್ತದೆ. ಗುತ್ತಿಗೆಯ ಕರಾರಿನಲ್ಲಿ ಇಂತಿಷ್ಟು ಅವಧಿಯೊಳಗೆ ಕೆಲಸ ಆರಂಭಿಸಬೇಕೆಂಬ ಷರತ್ತಿದ್ದು, ಅದನ್ನು ನಿಜವಾಗಿ ಜಾರಿಗೊಳಿಸಿದರೆ, ಖಾಲಿ ಬಿದ್ದ ನಿವೇಶನ ಪ್ರಾಧಿಕಾರದ ಕೈಗೆ ಮರಳುತ್ತದೆ.

ಇನ್ನು ಕೊಠಡಿಯ ವಿಚಾರ. ಕೆಲವು ವರ್ಷಗಳ ಹಿಂದೆ ನಾವು ಐದು ಜನ ಸೇರಿ ಸಣ್ಣ ಸಾಫ್ಟ್‌ವೇರ್ ಕಂಪನಿ ಆರಂಭಿಸಿದಾಗ, ಸರ್ಕಾರಿ ನೆರವಿನ ಪಾರ್ಕೊಂದರಲ್ಲಿ ಜಾಗ ಕೇಳಿ ಅರ್ಜಿ ಹಾಕಿದ್ದೆವು. ಅರ್ಜಿಯ ಜೊತೆ ಲಗತ್ತಿಸಬೇಕಾದ ದಾಖಲೆಗಳ ಪಟ್ಟಿಯಲ್ಲಿ ಮೂರನೆಯದು ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ಪಟ್ಟಿ. ನಮ್ಮ ಕಂಪನಿಗೆ ಆಗ ತುಂಬಿದ್ದು ಏಳು ತಿಂಗಳು. ಕೌಂಟರಿನಲ್ಲಿದ್ದ ಅಧಿಕಾರಿ ಸಹಾನುಭೂತಿಯಿಂದಲೇ ಮಾತನಾಡಿದರು, ಆದರೆ ಆ ಸಾಲನ್ನು ಬಿಟ್ಟುಕೊಡುವ ಅಧಿಕಾರ ಅವರಿಗಿರಲಿಲ್ಲ. ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಬಂದಾಗ, ಕಾರಿಡಾರಿನ ಎರಡೂ ಬದಿಯಲ್ಲಿ ಬೀಗ ಹಾಕಿದ ಕೊಠಡಿಗಳಿದ್ದವು. ಕೆಲವು ಬಾಗಿಲ ಹಿಡಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿರಲಿಲ್ಲ.